ಏಳು ಸಿಲಿಂಡರ್‌ವರೆಗೆ ಕೇಳುವವರಿಲ್ಲ

ಮನೆಬಳಕೆಯ ಸಿಲಿಂಡರ್ ಒಂದರಲ್ಲಿ 14.2 ಕಿಲೋ ಅನಿಲ ಇರುತ್ತದೆ. ಏಳು ಸೇರಿದರೆ 99.4 ಕಿಲೋ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ 100 ಕಿಲೋವರೆಗಿನ ಎಲ್‌ಪಿಜಿ ಸಂಗ್ರಹಕ್ಕೆ ಪರವಾನಗಿ ಬೇಕಿಲ್ಲ. ಅದನ್ನು ದಾಟಿದರೆ ಮಾತ್ರ ನಾಗ್ಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ‘ಪೆಸೊ’ ಬಾಗಿಲಿಗೆ ಹೋಗಬೇಕು. ಎರಡು ಸಿಲಿಂಡರ್ ಇಟ್ಟುಕೊಂಡ ಸಂಸಾರಕ್ಕೆ ಈ ಮಿತಿಯ ಗೊಡವೆಯೇ ಇಲ್ಲ. ಇದರ ಅನುಕೂಲ ಪಡೆಯುವವರು ವಸತಿ ಬೀದಿಗಳಲ್ಲಿರುವ ಪಿ.ಜಿ., ಮೆಸ್, ಕೇಟರಿಂಗ್‌ನವರು. 19 ಕಿಲೋದ ಐದು ವಾಣಿಜ್ಯ ಸಿಲಿಂಡರ್ ಪೇರಿಸಿದರೂ ಲೆಕ್ಕ 95 ಕಿಲೋಗೇ ನಿಲ್ಲುತ್ತದೆ. ಮೇಲಿನ ಮಹಡಿಗಳಲ್ಲಿ ಎಷ್ಟು ಮಂದಿ ಮಲಗಿದ್ದಾರೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಅನಾಹುತ ತೂಕ ನೋಡಿ ಆಗುವುದಿಲ್ಲ. ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣವಾದ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೊರಹೋಗದೆ ನೆಲಕ್ಕಿಳಿದು, ಮೋರಿ, ಬೇಸ್‌ಮೆಂಟ್, ಮೆಟ್ಟಿಲ ಕೆಳಗಿನ ಮೂಲೆಗಳಲ್ಲಿ ತಂಗುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಬೆರೆತರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳು ಸಿಲಿಂಡರ್ ಸೋರಿಕೆಯ ಬೆಂಕಿಯಲ್ಲಿ ಬೆಂದರು. ಆಸ್ಪತ್ರೆಯಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲ್ಲಿ 100 ಕಿಲೋ ಮಿತಿಯ ಪ್ರಶ್ನೆಯೇ ಇರಲಿಲ್ಲ.

ಜಾಗದ ಬಗ್ಗೆ ನಿಯಮವಿಲ್ಲವೆಂದಲ್ಲ. ಸಿಲಿಂಡರನ್ನು ನೆಲಮಟ್ಟಕ್ಕಿಂತ ಕೆಳಗೆ ಇಡಬಾರದು, ನೆಟ್ಟಗೆ ನಿಲ್ಲಿಸಬೇಕು, ಗಾಳಿಯಾಡಬೇಕು ಎಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಹೋಗಿ ನೋಡುವವರು ಯಾರು ಎಂಬುದೇ ತೊಡಕು. ಪೆಸೊ ಕಣ್ಣು 100 ಕಿಲೋ ಆಚೆಗಿನದರ ಮೇಲೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಮಾತು ಬರುವುದು ಬಹುಮಹಡಿ ಕಟ್ಟಡಗಳಿಗೆ. ಆಹಾರ ಇಲಾಖೆ ದಾಳಿ ಮಾಡುತ್ತದೆ, ನಿಜ. ಅದು ಹುಡುಕುವುದು ಹೋಟೆಲಿನಲ್ಲಿ ಮನೆಬಳಕೆಯ ಕೆಂಪು ಸಿಲಿಂಡರ್ ಇದೆಯೇ ಎಂದು. ದರದ ವ್ಯತ್ಯಾಸದಲ್ಲಿ ಸರ್ಕಾರಕ್ಕಿರುವ ಆಸಕ್ತಿ ಬೆಂಕಿಯ ವಿಷಯದಲ್ಲಿ ಕಾಣುವುದಿಲ್ಲ.

ಉಳಿಯುವುದು ಪಾಲಿಕೆಗಳು, ನಗರಸಭೆಗಳು. ಉದ್ದಿಮೆ ಪರವಾನಗಿ ಕೊಡುವವರು ಅವರೇ. ಆ ಅರ್ಜಿಗೆ ಸಿಲಿಂಡರ್ ಇಡುವ ಜಾಗದ ನಕ್ಷೆ, ಫೋಟೊ ಕಡ್ಡಾಯವಾಗಲಿ. ಅಡುಗೆಮನೆ ಬೇಸ್‌ಮೆಂಟಿನಲ್ಲಿದ್ದರೆ ಪರವಾನಗಿ ನವೀಕರಣ ನಿಲ್ಲಲಿ. ಇನ್ನೊಂದು ತಪಾಸಣೆಯೆಂದರೆ ಇನ್ನೊಂದು ಮಾಮೂಲಿ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಆದ್ದರಿಂದಲೇ ಹೊಸ ಇಲಾಖೆ, ಹೊಸ ಶುಲ್ಕ ಬೇಡ. ಈಗಿರುವ ಅರ್ಜಿಗೆ ಒಂದು ಪುಟ ಸೇರಿದರೆ ಸಾಕು.

ಬಿಗಿ ಮಾಡುವಾಗ ಬಾಡಿಗೆ ಕೋಣೆಯ ವಿದ್ಯಾರ್ಥಿಯನ್ನೂ ವಲಸೆ ಕಾರ್ಮಿಕನನ್ನೂ ಮರೆಯುವಂತಿಲ್ಲ. ವಿಳಾಸದ ದಾಖಲೆ ಇಲ್ಲದೆ ಇವರು ಗಲ್ಲಿ ಅಂಗಡಿಗಳಲ್ಲಿ ಅಕ್ರಮವಾಗಿ ಅನಿಲ ತುಂಬಿಸಿದ ಪುಟ್ಟ ಸಿಲಿಂಡರ್‌ಗಳನ್ನು ಒಯ್ಯುತ್ತಾರೆ. ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕಿಲೋದ ‘ಛೋಟು’ ಸಿಲಿಂಡರ್ ಇಂಥವರಿಗೆಂದೇ ಬಂದದ್ದು. ಗಲ್ಲಿ ಅಂಗಡಿಗೆ ಬೀಗ ಹಾಕುವ ಮೊದಲು ಅದೇ ಬೀದಿಯಲ್ಲಿ ಛೋಟು ಸಿಗುವಂತಾಗಬೇಕು. ಇಲ್ಲದಿದ್ದರೆ ಅಂಗಡಿ ಪಕ್ಕದ ಬೀದಿಗೆ ಹೋಗುತ್ತದೆ, ಗಿರಾಕಿಗಳೂ ಅದರ ಹಿಂದೆ ಹೋಗುತ್ತಾರೆ.