‘ಒಂದೇ ಇಂಜೆಕ್ಷನ್, ಬ್ಲಡ್ ಕ್ಯಾನ್ಸರ್ ಮಾಯ’: ಕಾರ್-ಟಿ ಜೊತೆಗೆ ಕಸಿ ಯಾಕೆ ಬೇಕಾಗುತ್ತದೆ?

‘ಬ್ಲಡ್ ಕ್ಯಾನ್ಸರ್‌ಗೆ ಒಂದೇ ಇಂಜೆಕ್ಷನ್, ಕೀಮೋ ಬೇಡ’ ಎಂಬಂಥ ಫಾರ್ವರ್ಡ್ ಬಂದಾಗ ನಾವು ಮೊದಲು ಕೇಳುವುದು ಇಷ್ಟೇ: ಯಾವ ಬ್ಲಡ್ ಕ್ಯಾನ್ಸರ್? ಎಷ್ಟು ಜನರಲ್ಲಿ ನೋಡಿದ್ದು?

ಕಾರ್-ಟಿ ಚಿಕಿತ್ಸೆಯಲ್ಲಿ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಅವುಗಳ ಜೀನ್ ಮಾರ್ಪಡಿಸುತ್ತಾರೆ. ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತನ್ನು ಹುಡುಕಿ ಕೊಲ್ಲುವುದನ್ನು ಕಲಿಸಿ ದೇಹದೊಳಗೆ ಬಿಡುತ್ತಾರೆ. ಅದಕ್ಕೂ ಮೊದಲು ಸಾಮಾನ್ಯವಾಗಿ ಕೀಮೋ ಇದ್ದೇ ಇರುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡು 2023ರಲ್ಲಿ ಅನುಮತಿ ಪಡೆದ ನಮ್ಮ ‘ನೆಕ್ಸ್‌ಕಾರ್19’ ಹುಡುಕುವುದು ಬಿ ಕೋಶಗಳ ಮೇಲಿರುವ ಸಿಡಿ19 ಎಂಬ ಗುರುತನ್ನು. ಉಳಿದ ಕ್ಯಾನ್ಸರ್‌ಗಳಿಗೆ ಅದು ಮದ್ದಲ್ಲ.

ಕೆಲವು ಲ್ಯುಕೇಮಿಯಾ, ಲಿಂಫೋಮಾಗಳಲ್ಲಿ ಸಿಡಿ7 ಎಂಬ ಗುರುತು ಇರುತ್ತದೆ. ತೊಡಕೇನೆಂದರೆ, ಆರೋಗ್ಯವಂತ ಟಿ ಕೋಶಗಳ ಮೇಲೂ ಅದೇ ಗುರುತಿದೆ. ಕ್ಯಾನ್ಸರ್ ಜೊತೆಗೆ ರೋಗನಿರೋಧಕ ಶಕ್ತಿಯೂ ಹೋಗುತ್ತದೆ, ಹೊಸ ರಕ್ತಕೋಶಗಳು ಸರಿಯಾಗಿ ಹುಟ್ಟದೆ ಇರಬಹುದು. ಆಗ ದಾನಿಯ ರಕ್ತ ಆಕರಕೋಶಗಳನ್ನು, ಜನ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಎನ್ನುವ ರೀತಿಯಲ್ಲಿ, ಕಸಿ ಮಾಡಬೇಕು. ಮಾಮೂಲಿ ಕಸಿಗೆ ಮುನ್ನ ಮಜ್ಜೆ ಖಾಲಿ ಮಾಡಲು ತೀವ್ರ ಕೀಮೋ ಕೊಡುತ್ತಾರೆ. ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ದಾಳಿ ಮಾಡದಂತೆ ತಡೆಯುವ ಔಷಧಿಗಳೂ ಬೇಕು. ಸೋತ ದೇಹ ಇದನ್ನೆಲ್ಲ ತಾಳುವುದಿಲ್ಲ.

ಚೀನಾದ ಹಾಂಗ್‌ಝೌ ನಗರದ ಝೆಜಿಯಾಂಗ್ ವಿಶ್ವವಿದ್ಯಾಲಯದ ವೈದ್ಯರು, ಮಾಮೂಲಿ ಕಸಿ ಸಾಧ್ಯವಿಲ್ಲದ 10 ರೋಗಿಗಳಲ್ಲಿ ಇವೆರಡನ್ನೂ ಬಿಟ್ಟೇ ಕಸಿ ಮಾಡಿದರು. ಮೊದಲು ಸಿಡಿ7 ಕಾರ್-ಟಿ, ಆಮೇಲೆ ಅರ್ಧ ಹೊಂದಿಕೆಯ ದಾನಿಯ ಕೋಶಗಳು. ತಂದೆ, ತಾಯಿ ಅಥವಾ ಮಕ್ಕಳು ಇಂಥ ದಾನಿಗಳಾಗಬಲ್ಲರು. ದೇಹದಲ್ಲೇ ಉಳಿದ ಕಾರ್-ಟಿ ಕೋಶಗಳು ದಾನಿಯ ಆಕ್ರಮಣಕಾರಿ ಟಿ ಕೋಶಗಳನ್ನೂ ಹಿಡಿದುಹಾಕುತ್ತವೆ ಎಂಬುದು ಲೆಕ್ಕಾಚಾರ. ಜಾಣ ಉಪಾಯವೇ ಸರಿ.

2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಫಲಿತಾಂಶ ನೋಡಿ. ಕಾರ್-ಟಿ ಬಳಿಕ ಹತ್ತೂ ಜನರಲ್ಲಿ ರೋಗ ಹಿಮ್ಮೆಟ್ಟಿತು. ಫಾರ್ವರ್ಡ್ ಮಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ! ಸುಮಾರು 15 ತಿಂಗಳ ನಿಗಾ ಮುಗಿದಾಗ ಕ್ಯಾನ್ಸರ್‌ಮುಕ್ತರಾಗಿ ಉಳಿದವರು 6 ಜನ. ಇಬ್ಬರಲ್ಲಿ ಸಿಡಿ7 ಗುರುತನ್ನೇ ಕಳಚಿಕೊಂಡ ಕ್ಯಾನ್ಸರ್ ಮರಳಿತು. ಇನ್ನಿಬ್ಬರು ಸೋಂಕಿನಿಂದ ತೀರಿಕೊಂಡರು, ಅವರಲ್ಲಿ ಒಬ್ಬರು ಕಸಿಯಾದ 13ನೇ ದಿನವೇ. ಮೂವರಲ್ಲಿ ದಾನಿಯ ಕೋಶಗಳ ದಾಳಿ ಸ್ವಲ್ಪಮಟ್ಟಿಗೆ ಕಾಣಿಸಿಕೊಂಡಿತು.

ಬೇರೆ ದಾರಿಯೇ ಇಲ್ಲದವರಲ್ಲಿ ಹತ್ತಕ್ಕೆ ಆರು ನಮ್ಮ ದೃಷ್ಟಿಯಲ್ಲಿ ಸಣ್ಣದಲ್ಲ. ಆದರೆ ಇದು ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲದ ಪುಟ್ಟ ಅಧ್ಯಯನ. ನಿಮ್ಮವರು ಈಗ ಕೀಮೋ ತೆಗೆದುಕೊಳ್ಳುತ್ತಿದ್ದರೆ ಇಂಥ ಸಂದೇಶ ನಂಬಿ ನಿಲ್ಲಿಸಬೇಡಿ. ಕ್ಯಾನ್ಸರ್ ಕೋಶದ ಮೇಲಿರುವ ಗುರುತು ಯಾವುದು, ಕಾರ್-ಟಿ ಅದಕ್ಕೆ ಹೊಂದುತ್ತದೆಯೇ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿ.