ಕಲ್ಲೋ, ಸಾಬೂನೋ?

ಆಲಿವ್ ಎಣ್ಣೆ, ಲಿಂಬೆರಸ ಕುಡಿದು ಮರುದಿನ ಹಸಿರು ಉಂಡೆಗಳನ್ನು ಎಣಿಸಿ, ‘ಪಿತ್ತಕೋಶದ ಕಲ್ಲು ಬಿತ್ತು, ಆಪರೇಶನ್ ತಪ್ಪಿತು’ ಎಂದು ಬೀಗುವ ಘಾಟ್ಕೋಪರಿನ ಬಂಧುಗಳೇ, ಆ ಉಂಡೆಗಳನ್ನು ಪರೀಕ್ಷಿಸಿದ್ದೀರಾ? ನ್ಯೂಜಿಲೆಂಡಿನಲ್ಲಿ ಒಬ್ಬಾಕೆ ತಂದದ್ದನ್ನು ಪರೀಕ್ಷಿಸಿದರು. 2005ರ ‘ಲ್ಯಾನ್ಸೆಟ್’ನಲ್ಲಿ ವರದಿಯಿದೆ. 40 ಡಿಗ್ರಿಗೆ, ಅಂದರೆ ಕಡುಜ್ವರದ ಬಿಸಿಗೆ, ಹತ್ತೇ ನಿಮಿಷದಲ್ಲಿ ಕರಗಿ ಎಣ್ಣೆಯಾದವು! ಕೊಲೆಸ್ಟರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಮುಕ್ಕಾಲು ಪಾಲು ಕೊಬ್ಬಿನಾಮ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿತ್ತು. ನಿಜವಾದ ಕಲ್ಲುಗಳನ್ನು ಬಳಿಕ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಯಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಎಣ್ಣೆ ಕರುಳಿಗಿಳಿದೊಡನೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಕಲ್ಲು ನಾಳದಲ್ಲಿ ಸಿಕ್ಕಿಬಿದ್ದರೆ ಕಾಮಾಲೆ, ಮೇದೋಜೀರಕಾಂಗದ ಉರಿಯೂತ! ಉಂಡೆ ಎಣಿಸಿದ್ದು ಸಾಕು. ರಾಜಾವಾಡಿ ಆಸ್ಪತ್ರೆ ದೂರವಿಲ್ಲ. ಸೋನೋಗ್ರಫಿ ಮಾಡಿಸಿ, ಕಲ್ಲು ಇನ್ನೂ ಅಲ್ಲೇ ಇದೆಯೋ ನೋಡಿ.