ಬಾಣಂತಿಯ ಬಾಯಾರಿಕೆ

ರಕ್ತದಲ್ಲಿ ಕೊಲೆಸ್ಟರಾಲ್ ಎಷ್ಟಿದೆಯೆಂಬ ಚಿಂತೆಯು ನಮ್ಮ ಪಟ್ಟಣಗಳ ಗೃಹಸ್ಥರನ್ನು ಆವರಿಸಿರುವಷ್ಟು, ಅದೇ ಮನೆಯಲ್ಲಿ ಹೆತ್ತು ಮಲಗಿರುವ ಮಗಳ ಅಥವಾ ಸೊಸೆಯ ರಕ್ತದ ಸ್ಥಿತಿ ಏನಾಗಿದೆಯೆಂಬ ಚಿಂತೆಯು ಆವರಿಸದಿರುವುದು ವಿಷಾದದ ಸಂಗತಿ. ಗರ್ಭಕಾಲದಲ್ಲಿ ರಕ್ತದ ಮೇದಸ್ಸು ಏರುವುದು ಸಹಜವಾದುದು. ಸಾಮಾನ್ಯವಾಗಿ ಅದು ತಾನಾಗಿಯೇ ಇಳಿಯುತ್ತದೆ. ಆದರೆ ಪ್ರಸವದ ರಕ್ತಸ್ರಾವದಿಂದ ತಾಯಿಯನ್ನು ಕಾಪಾಡಲೆಂದು ಪ್ರಕೃತಿಯು ಹೆಚ್ಚಿಸಿಟ್ಟಿರುವ ಹೆಪ್ಪುಗಟ್ಟುವ ಶಕ್ತಿಯು ಹೆರಿಗೆಯೊಡನೆಯೇ ಅಡಗದೆ, ಮುಂದಿನ ಆರು ವಾರಗಳಲ್ಲಿ ಕಾಲಿನ ಅಭಿಧಮನಿಯಲ್ಲಿಯೋ, ವಿರಳವಾಗಿ ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ನಾಳದಲ್ಲಿಯೋ ಹೆಪ್ಪಾಗಿ ನಿಂತು, ಕಾಯಬೇಕಾದುದೇ ಕೊಲ್ಲುವುದುಂಟು.

ಮಿದುಳಿನ ಈ ವ್ಯಾಧಿಗೆ ತುತ್ತಾದ ಬಾಣಂತಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಅಧಿಕವಾಗಿಯೂ ಫೋಲೇಟ್ ನ್ಯೂನವಾಗಿಯೂ ಇದ್ದುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2008ರಲ್ಲಿ ಪ್ರಕಟಿಸಿದರು. ಶರೀರವು ತಾನೇ ಉತ್ಪಾದಿಸುವ ಈ ದ್ರವ್ಯವನ್ನು ಬೇರೆ ರೂಪಕ್ಕೆ ತಿರುಗಿಸಲು ಫೋಲೇಟ್ ಮತ್ತು ಬಿ12 ಜೀವಸತ್ವಗಳು ಬೇಕು. ಅವಿಲ್ಲದಿದ್ದರೆ ಅದು ರಕ್ತದಲ್ಲಿ ಸಂಚಯವಾಗುತ್ತದೆ. ಹಾಗೆಂದು ಗುಳಿಗೆ ಮಾರುವವರು ಹಿಗ್ಗಬೇಕಾಗಿಲ್ಲ: ಒಮ್ಮೆ ಹೆಪ್ಪುಗಟ್ಟಿದವರಿಗೆ ಜೀವಸತ್ವಗಳನ್ನು ಕೊಟ್ಟು ನೋಡಿದ ಪರೀಕ್ಷೆಯಲ್ಲಿ ವ್ಯಾಧಿಯ ಮರುಕಳಿಕೆ ತಗ್ಗಿತೆಂದು ಸಿದ್ಧವಾಗಲಿಲ್ಲ. ಕೊರತೆಯನ್ನು ತುಂಬತಕ್ಕದ್ದು ರಕ್ತಹೀನತೆಯ ನಿವಾರಣೆಗೂ ನರಗಳ ರಕ್ಷಣೆಗೂ ಅಗತ್ಯವೆಂಬ ಕಾರಣದಿಂದಲೇ.

ನಮ್ಮ ಅಜ್ಜಿಯರ ಪಥ್ಯವೆಲ್ಲವೂ ಹುಸಿಯೆಂದು ನಾನು ಹೇಳಲಾರೆ. ಸಬ್ಬಸಿಗೆ, ಮೆಂತ್ಯದ ಸೊಪ್ಪುಗಳಲ್ಲಿ ಫೋಲೇಟ್ ಉಂಟು. ಆದರೆ ನೀರು ಕುಡಿದರೆ ಹೊಟ್ಟೆ ಬರುವುದೆಂದೂ, ಕೂಸಿಗೆ ಶೀತವಾಗುವುದೆಂದೂ ಹೆದರಿಸಿ, ಬೆವರಿ ಹಾಲೂಡುವ ಹೆಣ್ಣಿಗೆ ಲೋಟ ನೀರನ್ನು ಅಳೆದು ಕೊಡುವ ಪದ್ಧತಿಯನ್ನು ಮಾತ್ರ ಸರ್ವಥಾ ಸಮರ್ಥಿಸಲಾಗದು. ನೀರಿಲ್ಲದೆ ಮಂದವಾದ ರಕ್ತವು, ಹಾಸಿಗೆ ಬಿಟ್ಟೇಳದ ದೇಹದಲ್ಲಿ, ಹೆಪ್ಪುಗಟ್ಟಲು ಮತ್ತಷ್ಟು ಅನುವಾಗುತ್ತದೆ. ಆಮೇಲೆ ತಲೆನೋವೋ ಸೆಳೆತವೋ ಕಾಣಿಸಿದಾಗ ಅದಕ್ಕೆ ಬಾಣಂತಿ ಸನ್ನಿಯೆಂದು ಹೆಸರಿಟ್ಟು ದೃಷ್ಟಿ ತೆಗೆಯುತ್ತ ಕೂರುವುದರಲ್ಲಿ ಅಮೂಲ್ಯ ಕಾಲವು ಕಳೆದುಹೋಗುತ್ತದೆ.

ಸರ್ಕಾರವು ಹೆರಿಗೆಯ ನಂತರವೂ 180 ದಿನಗಳ ಕಾಲ ಸೇವಿಸಲೆಂದು ಕೊಡುವ ಮಾತ್ರೆಯಲ್ಲಿ ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ, ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸಗಳಿಂದ ದೊರಕುವ ಈ ಸತ್ವವು, ನೀರುಮಜ್ಜಿಗೆಯಲ್ಲೇ ಊಟ ಮುಗಿಸುವ ಸಸ್ಯಾಹಾರಿ ಸ್ತ್ರೀಗೆ ಸಾಕಷ್ಟು ಸಿಕ್ಕೀತೆಂದು ನಂಬುವುದು ಕಷ್ಟ. ಆದುದರಿಂದ ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ ಇದಕ್ಕೂ ಸ್ಥಾನವಿರಬೇಕು. ಆಸ್ಪತ್ರೆಯಿಂದ ಕಳುಹಿಸುವಾಗ ವೈದ್ಯರು ಬಾಣಂತಿಗಷ್ಟೇ ಅಲ್ಲ, ಮನೆಯಲ್ಲಿ ಬಾಣಂತನ ಮಾಡುವ ಹಿರಿಯಳಿಗೂ ನೀರಿನ ವಿಚಾರವನ್ನು ಸ್ಪಷ್ಟವಾಗಿ ಹೇಳಲಿ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಒಂದೇ ಕಾಲು ಬಾತರೆ ಅದೇ ದಿನ ಕರೆತರಬೇಕೆಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಡಲಿ.